ಹಾಡು ನಿಂತ ಮೇಲೆ: ಜುಸೆಪ್ಪಿನಾ ಸ್ಟ್ರೆಪ್ಪೋನಿಯ ಬದುಕು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಒಂಬತ್ತು ದಿನಗಳ ನವೇನ ಮುಗಿದು, ಹೊಸ ತೆನೆ ಆಶೀರ್ವಾದವಾಗಿ, ಮಕ್ಕಳು ಮಾತೆಗೆ ಹೂ ಅರ್ಪಿಸುವ ದಿನ. ಆ ದಿನ ಹುಟ್ಟಿದ ಹೆಣ್ಣುಮಗುವಿಗೆ ಮರಿಯಮ್ಮನವರ ಹೆಸರು ಸೇರಿಸದ ಮನೆ ನಮ್ಮಲ್ಲಿ ಕಡಿಮೆ. 1815ರ ಇದೇ ದಿನ ಉತ್ತರ ಇಟಲಿಯ ಲೋದಿ ಎಂಬ ಪಟ್ಟಣದಲ್ಲಿ ಹುಟ್ಟಿದ ಒಂದು ಮಗುವಿಗೂ ಕ್ಲೇಲಿಯಾ ಮರಿಯಾ ಜೋಸೆಫಾ ಎಂದು ಹೆಸರಿಟ್ಟರು. ಮನೆಯಲ್ಲಿ ಕರೆಯುತ್ತಿದ್ದದ್ದು ಜುಸೆಪ್ಪಿನಾ ಎಂದು. ಮನೆತನದ ಹೆಸರು ಸ್ಟ್ರೆಪ್ಪೋನಿ.

ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಮಗೆ ಸಂಗೀತ ಕಲಿಸುತ್ತಿದ್ದ ಹಿರಿಯ ಗುರುಗಳ ಬಳಿ ಒಂದು ಹಳೆಯ ಟೇಪು ಇತ್ತು. ಕೀರ್ತನೆ 137ರ ಪಾಠ ಬಂದಾಗಲೆಲ್ಲ ಅವರು ಅದನ್ನು ಹಾಕಿ ಕೇಳಿಸುತ್ತಿದ್ದರು. ಬಾಬಿಲೋನಿನ ಸೆರೆಯಲ್ಲಿದ್ದ ಇಸ್ರಯೇಲರು ಕಳೆದುಹೋದ ತಮ್ಮ ನಾಡನ್ನು ನೆನೆದು ಒಕ್ಕೊರಲಿನಿಂದ ಹಾಡುವ ವೃಂದಗಾನ ಅದು. ಜುಸೆಪ್ಪೆ ವೆರ್ಡಿ ಎಂಬ ಇಟಲಿಯ ಸಂಗೀತಗಾರ ರಚಿಸಿದ 'ನಬುಕ್ಕೊ' ಎಂಬ ಒಪೆರಾದ ಭಾಗ. ಭಾಷೆ ತಿಳಿಯದಿದ್ದರೂ ನಮ್ಮಲ್ಲಿ ಹಲವರ ಕಣ್ಣು ತೇವವಾಗುತ್ತಿತ್ತು. ಆ ಒಪೆರಾ ಮೊದಲ ಬಾರಿ ರಂಗವೇರಿದಾಗ ಅದರ ಮುಖ್ಯ ಸ್ತ್ರೀ ಪಾತ್ರವನ್ನು ಹಾಡಿದವಳು ಯಾರು, ಆಕೆಯ ಕತೆಯೇನು ಎಂದು ನಾವು ಆಗ ಕೇಳಲಿಲ್ಲ. ಬಹಳ ವರ್ಷಗಳ ನಂತರ, ಧರ್ಮಕೇಂದ್ರದ ಹೊಣೆ ಹೊತ್ತು, ಜನರ ಮನೆಗಳ ಒಳಗಿನ ನೋವುಗಳನ್ನು ಸ್ವಲ್ಪ ಸ್ವಲ್ಪವಾಗಿ ಅರಿಯತೊಡಗಿದ ಮೇಲೆ ಆಕೆಯ ಜೀವನಚರಿತ್ರೆ ಓದಿದೆವು. ಅಲ್ಲಿಂದ ಈಚೆಗೆ ಆ ಟೇಪಿನ ಹಾಡು ನಮಗೆ ಬೇರೆಯಾಗಿಯೇ ಕೇಳಿಸುತ್ತಿದೆ.

ಜುಸೆಪ್ಪಿನಾಳ ತಂದೆ ಫೆಲಿಚಿಯಾನೊ ಸ್ಟ್ರೆಪ್ಪೋನಿ ಮೊನ್ಜಾ ಪ್ರಧಾನಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವನು. ಒಪೆರಾಗಳಿಗೆ ಸಂಗೀತವನ್ನೂ ಬರೆಯುತ್ತಿದ್ದ. ಹೆಸರು ಒಂದಿಷ್ಟು, ಹಣ ಅದಕ್ಕಿಂತ ಕಡಿಮೆ. ಪಿಯಾನೊದ ಮೊದಲ ಪಾಠ ಮಗಳಿಗೆ ಆತನಿಂದಲೇ ಆಯಿತು. 1832ರಲ್ಲಿ ಆತ ಮಿದುಳಿನ ಉರಿಯೂತದಿಂದ ತೀರಿಕೊಂಡಾಗ ವಯಸ್ಸು 35. ತಾಯಿ ರೋಸಾ ಕೊರ್ನಾಲ್ಬಾ ಚಿಕ್ಕಚಿಕ್ಕ ಮಕ್ಕಳೊಂದಿಗೆ ದಿಕ್ಕಿಲ್ಲದೆ ನಿಂತಳು. ಹಿರಿಯವಳು ಜುಸೆಪ್ಪಿನಾ. ಮಿಲಾನ್ ನಗರದ ಸಂಗೀತ ವಿದ್ಯಾಲಯದಲ್ಲಿ ಆಕೆಯ ಶಿಕ್ಷಣ ಮುಂದುವರಿಯಿತು. 1834ರಲ್ಲಿ ಗಾಯನದಲ್ಲಿ ಮೊದಲ ಬಹುಮಾನ ಪಡೆದು ಹೊರಬಂದಾಗ ಆಕೆಗೆ 19 ವರ್ಷ. ಆ ಬಹುಮಾನದ ಹಿಂದೆ ಒಂದು ಮನೆಯ ಅಕ್ಕಿಬೇಳೆಯ ಲೆಕ್ಕವಿತ್ತು. ಇನ್ನು ಮುಂದೆ ತಾಯಿಯೂ ತಮ್ಮ ತಂಗಿಯರೂ ಉಣ್ಣಬೇಕಾದದ್ದು ಈಕೆಯ ಕಂಠದಿಂದ.

ಒಪೆರಾ ಎಂದರೆ ಆದಿಯಿಂದ ಅಂತ್ಯದವರೆಗೆ ಹಾಡಿಯೇ ಆಡುವ ನಾಟಕ. ಕೆಳಗೆ ವಾದ್ಯವೃಂದ, ಎದುರಿಗೆ ಐದಾರು ಅಂತಸ್ತಿನ ರಂಗಮಂದಿರ, ತುಂಬಿದ ಜನ. ಮೈಕು ಇಲ್ಲ. ಹಾಡುವವರು ಎದೆಯ ಉಸಿರಿನ ಬಲದಿಂದಲೇ ವಾದ್ಯಗಳನ್ನೆಲ್ಲ ಮೀರಿ ಕಟ್ಟಕಡೆಯ ಸಾಲಿಗೆ ತಲುಪಬೇಕು. ಸ್ತ್ರೀ ಕಂಠಗಳಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯದಕ್ಕೆ 'ಸೊಪ್ರಾನೊ' ಎನ್ನುತ್ತಾರೆ. ಕಥಾನಾಯಕಿಯ ಪಾತ್ರ ಸಾಮಾನ್ಯವಾಗಿ ಆ ಕಂಠಕ್ಕೇ ಮೀಸಲು. ಆಗಿನ ಇಟಲಿಯಲ್ಲಿ ಈ ಕಲೆ ಧರ್ಮಸಭೆಯ ಪಂಚಾಂಗವನ್ನು ಅನುಸರಿಸಿಯೇ ನಡೆಯುತ್ತಿತ್ತು ಎಂಬುದು ನಮಗೆ ಕುತೂಹಲದ ವಿಷಯ. ದೊಡ್ಡ ಹಂಗಾಮು ಶುರುವಾಗುತ್ತಿದ್ದದ್ದು ಕ್ರಿಸ್ಮಸ್ ಮರುದಿನ, ಸಂತ ಸ್ತೆಫಾನರ ಹಬ್ಬದಂದು. ಹಂಗಾಮು ಮುಗಿದರೆ ಹಾಡುವವರು ಗಂಟುಮೂಟೆ ಕಟ್ಟಿಕೊಂಡು ಕುದುರೆ ಗಾಡಿಯಲ್ಲಿ ಇನ್ನೊಂದು ಊರಿಗೆ. ಒಪ್ಪಂದಕ್ಕೆ ಸಹಿ ಹಾಕಿದರೆ ವಾರಕ್ಕೆ ಐದಾರು ರಾತ್ರಿ ಹಾಡಿಸಿದರೂ ಕೇಳುವವರಿಲ್ಲ. ಗಂಟಲು ಕಟ್ಟಿದರೆ ಸಂಬಳವೂ ಕಟ್ಟು.

1834ರ ಡಿಸೆಂಬರಿನಲ್ಲಿ ಆಡ್ರಿಯಾ ಎಂಬ ಊರಿನಲ್ಲಿ ಜುಸೆಪ್ಪಿನಾ ಮೊದಲ ಸಲ ರಂಗಕ್ಕೆ ಬಂದಳು. ಮರುವರ್ಷದ ವಸಂತದಲ್ಲಿ ತ್ರಿಯೆಸ್ತೆ ಬಂದರು ನಗರದಲ್ಲಿ ರೊಸ್ಸೀನಿಯ 'ಮತಿಲ್ದೆ ದಿ ಶಬ್ರಾನ್' ಹಾಡಿ ಗೆದ್ದಳು. ಅದೇ ವರ್ಷ ವಿಯೆನ್ನಾದಲ್ಲಿ ಬೆಲ್ಲೀನಿಯ 'ನೋರ್ಮಾ' ಮತ್ತು 'ಲಾ ಸೊನ್ನಾಂಬುಲಾ'. ಬಳಿಕ ಇಟಲಿಯ ಊರೂರುಗಳಲ್ಲಿ ಆಕೆಗೆ ಕರೆ. ತೆಳ್ಳಗಿನ ಮೈ, ಸ್ಫುಟವಾದ ಸ್ವರ, ಅಭಿನಯದಲ್ಲಿ ನಿಜವಾದ ಭಾವ ಎಂದು ಜನ ಮೆಚ್ಚಿದರು. ಗೈಟಾನೊ ಡೊನಿಜೆಟ್ಟಿಯಂಥ ಪ್ರಸಿದ್ಧ ರಚನಕಾರ 1841ರಲ್ಲಿ ರೋಮ್ ನಗರಕ್ಕಾಗಿ ಬರೆದ 'ಅದೇಲಿಯಾ'ದ ಮುಖ್ಯ ಪಾತ್ರವನ್ನು ಈಕೆಗೆಂದೇ ರೂಪಿಸಿದ. 25 ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಮನ್ನಣೆ ಏನಿದೆ?

ಇಲ್ಲಿಂದ ಮುಂದಿನದನ್ನು ಬರೆಯುವುದು ಸುಲಭವಲ್ಲ. ಕುಟುಂಬಗಳು ಒಟ್ಟಿಗೆ ಕುಳಿತು ಓದುವ ಪತ್ರಿಕೆಯಲ್ಲಿ ಇದೆಲ್ಲ ಬೇಕೇ ಎಂದು ನಾವು ಎರಡು ಸಲ ಯೋಚಿಸಿದೆವು. ಬಿಟ್ಟರೆ ಆಕೆಯ ಬದುಕಿನ ಅರ್ಧ ಭಾಗವೇ ಮರೆಯಾಗುತ್ತದೆ. ಆಕೆಯ ಮಕ್ಕಳಿಗೆ ಇನ್ನೊಮ್ಮೆ ಅನ್ಯಾಯವಾಗುತ್ತದೆ.

ಹೌದು, ಮಕ್ಕಳು. ಮದುವೆಯಿಲ್ಲದೆ ಹುಟ್ಟಿದ ಮಕ್ಕಳು. 1838ರ ಜನವರಿಯಲ್ಲಿ ಕಮಿಲ್ಲೊ ಎಂಬ ಗಂಡುಮಗು. 1839ರ ಫೆಬ್ರವರಿಯಲ್ಲಿ ಫ್ಲಾರೆನ್ಸ್ ನಗರದಲ್ಲಿ ಒಂದು ಹೆಣ್ಣು. 1841ರ ನವೆಂಬರಿನಲ್ಲಿ ತ್ರಿಯೆಸ್ತೆಯಲ್ಲಿ ಅದೆಲೀನಾ ಎಂಬ ಇನ್ನೊಂದು ಹೆಣ್ಣು. ಬಸುರಿಯಾಗಿದ್ದಾಗಲೂ ಹೆಚ್ಚುಕಡಿಮೆ ದಿನ ತುಂಬುವವರೆಗೆ ಆಕೆ ಹಾಡುತ್ತಲೇ ಇದ್ದಳು. ಹೆತ್ತು ಕೆಲವೇ ವಾರಗಳಲ್ಲಿ ಮತ್ತೆ ರಂಗದ ಮೇಲೆ. ನಿಲ್ಲಿಸಿದರೆ ಮನೆಗೆ ಹಣ ಎಲ್ಲಿಂದ? ರಂಗಭೂಮಿಯ ಹೆಣ್ಣಾದ್ದರಿಂದ ನಡತೆಗೆಟ್ಟವಳು ಎಂದು ಜನ ಸುಲಭವಾಗಿ ಹೇಳಿಬಿಟ್ಟರು. ಹಂಗಾಮಿಗೊಂದು ಊರು, ಜೊತೆಗೆ ತಂದೆಯಿಲ್ಲ, ಅಣ್ಣನಿಲ್ಲ, ಒಪ್ಪಂದ ಕೊಡುವ ಕೈಯೂ ಗಂಡಸಿನದು, ಚಪ್ಪಾಳೆ ತಟ್ಟುವ ಕೈಯೂ ಗಂಡಸಿನದು. ಪಾಪ ಪಾಪವೇ, ಅದನ್ನು ತೊಳೆದು ಬೆಳ್ಳಗೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಅದರಲ್ಲಿ ಪಾಲುದಾರರಾದ ಗಂಡಸರ ಹೆಸರನ್ನು ಯಾವ ಊರೂ ಬೀದಿಯಲ್ಲಿ ಕೂಗಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆವು.

ಎರಡನೆಯ ಮಗುವನ್ನು ಆಕೆ ಫ್ಲಾರೆನ್ಸಿನ 'ಒಸ್ಪೆದಾಲೆ ದೆಲ್ಯಿ ಇನ್ನೊಚೆಂತಿ'ಯಲ್ಲಿ ಬಿಟ್ಟಳು. ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ನಿರ್ದೋಷಿ ಹಸುಳೆಗಳ ಹೆಸರಿನ ಅನಾಥಾಲಯ ಅದು. 1445ರಿಂದ ತಬ್ಬಲಿ ಕೂಸುಗಳನ್ನು ಸ್ವೀಕರಿಸುತ್ತಿತ್ತು. ಅದರ ಕಂಬಸಾಲಿನ ಮೇಲ್ಭಾಗದಲ್ಲಿ ನೀಲಿ ಹಿನ್ನೆಲೆಯ ಗುಂಡು ಫಲಕಗಳಿವೆ. ಒಂದೊಂದರಲ್ಲೂ ಬಟ್ಟೆ ಸುತ್ತಿದ, ಎರಡೂ ಕೈ ಚಾಚಿದ ಒಂದೊಂದು ಕೂಸು. ಆಂದ್ರೆಯಾ ದೆಲ್ಲಾ ರೊಬ್ಬಿಯಾ ಎಂಬ ಶಿಲ್ಪಿಯ ಕೈಕೆಲಸ. ಚಿತ್ರಗಳಲ್ಲಿ ನೋಡಿದವರಿಗೆ ಅವು ಮುದ್ದಾಗಿ ಕಾಣುತ್ತವೆ. ಆ ಕಂಬಗಳ ನಡುವೆ ಕತ್ತಲಲ್ಲಿ ನಡೆದುಬಂದು, ಗೋಡೆಯಲ್ಲಿದ್ದ ಕಿಂಡಿಯಿಂದ ಮಗುವನ್ನು ಒಳಗೆ ಸರಿಸಿ, ತಿರುಗಿ ನೋಡದೆ ಹೋಗುತ್ತಿದ್ದವರಿಗೆ ಹೇಗೆ ಕಂಡಿರಬಹುದು? 1875ರಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಅಲ್ಲಿಯವರೆಗೆ ಅದರೊಳಗೆ ಹಾದುಹೋದ ಮಕ್ಕಳಲ್ಲಿ ಜುಸೆಪ್ಪಿನಾಳ ಮಗಳೂ ಒಬ್ಬಳು. ಡಿಸೆಂಬರ್ 28ರಂದು ನಿರ್ದೋಷಿ ಹಸುಳೆಗಳ ಹಬ್ಬದ ಪೂಜೆ ಅರ್ಪಿಸುವಾಗ ಈಗೀಗ ನಮಗೆ ಆ ಕಿಂಡಿಯ ನೆನಪು ಬರುತ್ತದೆ.

ಇಂಥ ದಿನಗಳಲ್ಲೇ ವೆರ್ಡಿಯ ಹೆಸರು ಆಕೆಯ ಬದುಕಿನೊಳಗೆ ಬಂದದ್ದು. 1839ರಲ್ಲಿ ಆತನ ಮೊದಲ ಒಪೆರಾ 'ಓಬೆರ್ತೊ' ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಪ್ರಯೋಗ ಕಂಡಿತು. ಹೊಸ ಹುಡುಗನ ಸಂಗೀತ ಚೆನ್ನಾಗಿದೆ ಎಂದು ಜುಸೆಪ್ಪಿನಾ ಮಾತಾಡಿಕೊಳ್ಳುತ್ತಿದ್ದದ್ದು ಅಲ್ಲಿನ ವ್ಯವಸ್ಥಾಪಕ ಮೆರೆಲ್ಲಿಯ ಕಿವಿಗೆ ಬಿದ್ದಿತ್ತು ಎಂದು ಮುದಿವಯಸ್ಸಿನಲ್ಲಿ ವೆರ್ಡಿಯೇ ನೆನಪಿಸಿಕೊಂಡಿದ್ದಾನೆ. ಆತನ ಮನೆಯಲ್ಲೂ ಆಗ ಸಾವಿನ ಸಾಲು. 1838ರಲ್ಲಿ ಮಗಳು, 1839ರಲ್ಲಿ ಮಗ, 1840ರಲ್ಲಿ ಪತ್ನಿ ಮಾರ್ಗರಿತಾ. ಇನ್ನು ಸಂಗೀತ ಬೇಡವೆಂದು ಕೈಚೆಲ್ಲಿ ಕುಳಿತವನನ್ನು ಎಬ್ಬಿಸಿದ್ದು ನೆಬೂಕದ್ನೆಚ್ಚರನ ಕತೆ. ಬರೆದು ಮುಗಿಸಿದ ಮೇಲೆ ಜುಸೆಪ್ಪಿನಾಳಿಗೆ ತೋರಿಸಿದ. ಆಕೆ ಮೆಚ್ಚಿ, ಇದನ್ನು ಆಡಿಸಲೇಬೇಕೆಂದು ಬೆಂಬಲಕ್ಕೆ ನಿಂತಳು.

1842ರ ಮಾರ್ಚ್ 9. ತಪಸ್ಸುಕಾಲದ ದಿನಗಳು. ಲಾ ಸ್ಕಾಲಾದಲ್ಲಿ 'ನಬುಕ್ಕೊ'ದ ಮೊದಲ ರಾತ್ರಿ. ಜುಸೆಪ್ಪಿನಾಳದು ಅಬಿಗೈಲೆಯ ಪಾತ್ರ. ರಾಜಕುಮಾರಿಯೆಂದು ನಂಬಿಕೊಂಡಿದ್ದವಳಿಗೆ ತಾನು ದಾಸಿಯ ಮಗಳೆಂದು ತಿಳಿಯುತ್ತದೆ. ಆ ಕಿಚ್ಚಿನಲ್ಲಿ ಸಿಂಹಾಸನವನ್ನೇ ಕಸಿಯುತ್ತಾಳೆ. ಕೊನೆಗೆ ವಿಷ ಕುಡಿದು, ಇಸ್ರಯೇಲರ ದೇವರಲ್ಲಿ ಕ್ಷಮೆ ಬೇಡುತ್ತಾ ಸಾಯುತ್ತಾಳೆ. ಎರಡು ಸ್ಥಾಯಿಗಳಷ್ಟು ಎತ್ತರದಿಂದ ಪಾತಾಳಕ್ಕೆ ಒಂದೇ ಉಸಿರಿನಲ್ಲಿ ಧುಮುಕುವ ಸ್ವರಗಳಿವೆ ಅದರಲ್ಲಿ. ಗಟ್ಟಿ ಕಂಠದವರೂ ಹೆದರುವ ಪಾತ್ರ. ಇದನ್ನು ಹಾಡಿದವಳು ನಾಲ್ಕು ತಿಂಗಳ ಬಾಣಂತಿ. ಕೆಮ್ಮು, ಗಂಟಲಿನ ಉರಿ, ದಿನದಿಂದ ದಿನಕ್ಕೆ ಇಳಿಯುತ್ತಿದ್ದ ತೂಕ. ಹಾಡುವುದನ್ನು ನಿಲ್ಲಿಸದಿದ್ದರೆ ಕ್ಷಯ ತಪ್ಪದು ಎಂದು ವೈದ್ಯರು ಎಚ್ಚರಿಸಿದ್ದ ಸಮಯ. ಒಪೆರಾ ಗೆದ್ದಿತು. ಆಕೆ ಗೆಲ್ಲಲಿಲ್ಲ. ಹಿಂದಿನ ವರ್ಷವಷ್ಟೇ ಆಕೆಗಾಗಿ ಸಂಗೀತ ಬರೆದ ಡೊನಿಜೆಟ್ಟಿ ಕೂಡ ಈ ಸಲ ಆಕೆಯನ್ನು ಕರೆಸಬೇಡಿ ಎಂಬ ಅರ್ಥದ ಪತ್ರ ಬರೆದ. ಹಂಗಾಮು ಮುಗಿಯಲು ಬಂದಿದ್ದರಿಂದ ಆಗ ನಡೆದದ್ದು 8 ಪ್ರಯೋಗ ಮಾತ್ರ. ಶರತ್ಕಾಲದಲ್ಲಿ ಅದೇ ರಂಗದಲ್ಲಿ ಬೇರೊಬ್ಬ ಗಾಯಕಿಯೊಂದಿಗೆ 57 ಪ್ರಯೋಗ ನಡೆದು ವೆರ್ಡಿಯ ಕೀರ್ತಿ ಊರೂರಿಗೆ ಹರಡಿತು. ಆ ಅಕ್ಟೋಬರಿನಲ್ಲಿ, ಒಂದು ವರ್ಷ ತುಂಬುವ ಮೊದಲೇ, ಸಾಕುಮನೆಯಲ್ಲಿದ್ದ ಮಗು ಅದೆಲೀನಾ ತೀರಿಕೊಂಡಿತು.

ಮುಂದಿನ ಮೂರ್ನಾಲ್ಕು ವರ್ಷ ಆಕೆ ಹಾಡಿದ್ದು ಬರೀ ಹಠದಿಂದ. ಪಲೆರ್ಮೊದಲ್ಲಿ ಪ್ರೇಕ್ಷಕರು ಛೀಮಾರಿ ಹಾಕಿದರು. 1846ರ ಆರಂಭದಲ್ಲಿ ಮೊದೆನಾದಲ್ಲಿ ಕೊನೆಯ ಬಾರಿ ಹಾಡಿ ರಂಗ ಬಿಟ್ಟಳು. ವಯಸ್ಸು ಬರೀ 30. ಅದೇ ಅಕ್ಟೋಬರಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಮನೆಮನೆಯ ಹೆಣ್ಣುಮಕ್ಕಳಿಗೆ ಸಂಗೀತ ಪಾಠ ಹೇಳಿ ಬದುಕತೊಡಗಿದಳು. ಒಪೆರಾ ಗಾಯಕಿಯಾಗಿ ಆಕೆಯ ವೃತ್ತಿಜೀವನ ಹನ್ನೊಂದು ವರ್ಷಕ್ಕೆ ಮುಗಿಯಿತು.

1847ರಲ್ಲಿ ವೆರ್ಡಿ ಪ್ಯಾರಿಸ್ಸಿಗೆ ಬಂದ. ಅಲ್ಲಿನ ಒಪೆರಾಕ್ಕಾಗಿ 'ಜೆರೂಸಲೇಮ್' ಬರೆಯುತ್ತಿದ್ದ. ಆ ಹಸ್ತಪ್ರತಿಯ ಒಂದು ಯುಗಳಗೀತೆಯಲ್ಲಿ ಸಾಲುಗಳನ್ನು ಒಂದು ಸಲ ಆತನ ಕೈ, ಒಂದು ಸಲ ಈಕೆಯ ಕೈ ಬರೆದಿವೆ. ಇಬ್ಬರೂ ಸೋತು ಸುಣ್ಣವಾಗಿದ್ದವರು. ಇಬ್ಬರೂ ಮಕ್ಕಳನ್ನು ಕಳೆದುಕೊಂಡವರು. ಒಂದೇ ಮನೆಯಲ್ಲಿ ಇರತೊಡಗಿದರು, ವಿವಾಹ ಸಂಸ್ಕಾರವಿಲ್ಲದೆ.

ಪ್ಯಾರಿಸ್ಸಿನಂಥ ಮಹಾನಗರದಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. 1849ರಲ್ಲಿ ಆತ ಆಕೆಯನ್ನು ತನ್ನ ಹುಟ್ಟೂರಿನ ಪಕ್ಕದ ಬುಸ್ಸೆಟೊ ಎಂಬ ಸಣ್ಣ ಪಟ್ಟಣಕ್ಕೆ ಕರೆತಂದ. ಅಲ್ಲಿಗೆ ಹೋಗುವ ಮುಂಚೆ ಆಕೆ ಫ್ಲಾರೆನ್ಸಿಗೆ ಹೋಗಿ, ಅಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದ ಕಮಿಲ್ಲೊನ ಮುಂದಿನ ಬದುಕಿಗೊಂದು ಏರ್ಪಾಟು ಮಾಡಿದಳು. ಹುಡುಗನಿಗೆ ಆಗ 11 ವರ್ಷ. ಆತ ತಾಯಿಯ ಹೊಸ ಮನೆಯನ್ನು ಸೇರಲಿಲ್ಲ. 1863ರಲ್ಲಿ ಸಿಯೆನಾದಲ್ಲಿ, 25ರ ಪ್ರಾಯದಲ್ಲಿ ತೀರಿಕೊಂಡ. ಈ ಕತೆಯಲ್ಲಿ ನಮಗೆ ನುಂಗಲಾರದ ತುತ್ತು ಇದು. ಆಕೆಯನ್ನು ಕೊಂಡಾಡುವ ಪುಸ್ತಕಗಳು ಇಲ್ಲಿ ಬೇಗಬೇಗ ಪುಟ ತಿರುಗಿಸುತ್ತವೆ. ಆ ಹುಡುಗ ಯಾರ ಮೇಲೆ ಕಲ್ಲೆಸೆದಿದ್ದ, ಯಾರಿಗೆ ಕೇಡು ಮಾಡಿದ್ದ ಎಂದು ನಾವು ಒಂದು ಗಳಿಗೆ ನಿಲ್ಲಲೇಬೇಕಾಗುತ್ತದೆ.

ಬುಸ್ಸೆಟೊ ಪಟ್ಟಣದ ಜನಕ್ಕೂ ಅವರದೇ ಕಾರಣವಿತ್ತು. ಬಡ ಹೋಟೆಲಿನವನ ಮಗ ವೆರ್ಡಿಯನ್ನು ಮಿಲಾನಿಗೆ ಕಳಿಸಿ ಓದಿಸಿದ್ದು ಅದೇ ಊರಿನ ಹಣ. ಅಲ್ಲಿನ ದಿನಸಿ ವ್ಯಾಪಾರಿ ಅಂತೋನಿಯೊ ಬರೆಜ್ಜಿ ಆತನಿಗೆ ಕೈಬಿಚ್ಚಿ ಸಹಾಯ ಮಾಡಿದ್ದಲ್ಲದೆ ತನ್ನ ಮಗಳು ಮಾರ್ಗರಿತಾಳನ್ನೇ ಕೊಟ್ಟಿದ್ದ. ಆ ಮಗಳು ತೀರಿಕೊಂಡು ಒಂಬತ್ತು ವರ್ಷ. ಈಗ ಅಳಿಯ ಹೆಸರುವಾಸಿಯಾಗಿ ಬಂದು, ಊರ ನಡುವಿನ ದೊಡ್ಡ ಮನೆಯಲ್ಲಿ ಮದುವೆಯಾಗದ ನಾಟಕದ ಹೆಣ್ಣನ್ನು ಇರಿಸಿಕೊಂಡಿದ್ದಾನೆ! ಜನ ಆಡಿಕೊಂಡರು. ಬೀದಿಯಲ್ಲಿ ಆಕೆ ಬಂದರೆ ಮುಖ ತಿರುಗಿಸಿದರು. ಭಾನುವಾರ ದೇವಾಲಯಕ್ಕೆ ಹೋದರೆ ಆಕೆ ಕುಳಿತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲವೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ.

ಈ ಬೆಂಚಿನ ವಿಷಯ ಓದಿದಾಗ ನಮಗೆ ಪೀಠದ ಮುಂದೆ ನಿಂತು ಕಂಡದ್ದು ನೆನಪಾಯಿತು. ಪೂಜೆಗೆ ನಿಂತವರಿಗೆ ಜನ ಕಾಣುವಂತೆ ಜನರಿಗೆ ಜನ ಕಾಣುವುದಿಲ್ಲ. ಯಾರು ಬಂದರೆ ಯಾರು ಸರಿದು ಕೂರುತ್ತಾರೆ, ಸಮಾಧಾನದ ಸಂಕೇತ ಹಂಚುವಾಗ ಯಾರ ಕಡೆಗೆ ಕೈ ಚಾಚುವುದಿಲ್ಲ, ಎಲ್ಲ ಕಾಣುತ್ತದೆ. ನಾವು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ತಿಂಗಳುಗಟ್ಟಲೆ ಬಾಗಿಲ ಬಳಿಯ ಕಂಬಕ್ಕೆ ಒರಗಿಯೇ ಪೂಜೆ ಕಂಡರು. ಒಳಗೆ ಜಾಗವಿಲ್ಲವೆಂದು ಅಲ್ಲ. ಆಗ ಅದನ್ನು ನೋಡಿಯೂ ನಾವು ಪ್ರಬೋಧನೆಯಲ್ಲಿ ಬೇರೆ ಏನನ್ನೋ ಹೇಳಿ ಮುಗಿಸಿದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಬರೆಜ್ಜಿ ತನ್ನ ಅಸಮಾಧಾನವನ್ನು ಪತ್ರದಲ್ಲಿ ತಿಳಿಸಿದ. ವೆರ್ಡಿ 1852ರ ಜನವರಿ 21ರಂದು ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ತನ್ನ ಮನೆಯಲ್ಲಿರುವ ಮಹಿಳೆ ಸ್ವತಂತ್ರಳು, ನಮ್ಮಿಬ್ಬರ ನಡುವಿನ ಸಂಬಂಧದ ಲೆಕ್ಕವನ್ನು ನಾವು ಯಾರಿಗೂ ಒಪ್ಪಿಸಬೇಕಾಗಿಲ್ಲ, ತನಗೆ ಸಲ್ಲುವ ಗೌರವಕ್ಕಿಂತ ಹೆಚ್ಚಿನದು ಆಕೆಗೆ ಸಲ್ಲಬೇಕು ಎಂಬುದು ಅದರ ಸಾರ. ಗಂಡಸಿನ ಧೈರ್ಯವನ್ನು ಅದರಲ್ಲಿ ಮೆಚ್ಚುವವರಿದ್ದಾರೆ. ನಮಗೆ ಅದಕ್ಕಿಂತ ಮನ ಮುಟ್ಟಿದ್ದು ಮರುವರ್ಷ ಜನವರಿಯಲ್ಲಿ, ಆತ ಊರಲ್ಲಿಲ್ಲದಾಗ, ಜುಸೆಪ್ಪಿನಾ ಆತನಿಗೆ ಬರೆದ ಪತ್ರ. ನಮಗೆ ಮಕ್ಕಳಾಗಲಾರವು, ನನ್ನ ಪಾಪಗಳಿಗಾಗಿ ದೇವರು ಕೊಟ್ಟ ಶಿಕ್ಷೆಯೋ ಏನೋ ಎಂಬ ಅಳಲು ಅದರಲ್ಲಿದೆ. ಊರಿನವರ ಮಾತು ಹೊರಗಿನಿಂದ ಬಿದ್ದ ಕಲ್ಲಾದರೆ ಇದು ಆಕೆ ಒಳಗೇ ಹೊತ್ತುಕೊಂಡು ತಿರುಗುತ್ತಿದ್ದ ಕಲ್ಲು. ಎರಡು ತಿಂಗಳಲ್ಲಿ, 1853ರ ಮಾರ್ಚ್ 6ರಂದು, ವೆನಿಸ್ ನಗರದಲ್ಲಿ 'ಲಾ ತ್ರಾವಿಯಾತಾ' ರಂಗಕ್ಕೆ ಬಂತು. ಸಮಾಜ ಹೊರಗಿಟ್ಟ ಹೆಣ್ಣೊಬ್ಬಳ ಕತೆ. ಅದು ಜುಸೆಪ್ಪಿನಾಳದೇ ಕತೆ ಎಂದು ಹೇಳುವುದು ವಾಡಿಕೆಯಾಗಿದೆ. ಅದು ಫ್ರೆಂಚ್ ನಾಟಕವೊಂದರಿಂದ ಬಂದದ್ದು. ವೆರ್ಡಿ ಹಾಗೆ ಎಲ್ಲೂ ಹೇಳಿಲ್ಲ. ಆ ಮಾತನ್ನು ನಾವು ಇಲ್ಲಿಗೇ ಬಿಡೋಣ.

1851ರಲ್ಲೇ ಇಬ್ಬರೂ ಪಟ್ಟಣ ಬಿಟ್ಟು ಸಾಂತ್ ಆಗಾತಾ ಎಂಬ ಹಳ್ಳಿಯ ಹೊಲಮನೆಗೆ ಹೋಗಿ ನೆಲೆಸಿದ್ದರು. ಆಕೆ ಕೋಳಿ, ನಾಯಿ, ಹೂದೋಟ ನೋಡಿಕೊಂಡು, ಆತನ ಪತ್ರಗಳಿಗೆ ಕರಡು ಬರೆದು, ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್ ಪುಸ್ತಕಗಳನ್ನು ಓದಿ ಹೇಳುತ್ತಾ ಇದ್ದಳು. ಹೀಗೇ ವರ್ಷಗಳು ಸರಿದವು.

ಈಗ ನಾವು ಬರೆಯಬೇಕೆಂದುಕೊಂಡ ದಿನಕ್ಕೆ ಬಂದೆವು. 1859ರ ಆಗಸ್ಟ್ 29. ಸ್ಥಳ, ಜಿನೀವಾ ನಗರದ ಹತ್ತಿರ ಸಲೇವ್ ಬೆಟ್ಟದ ಬುಡದಲ್ಲಿರುವ ಕೊಲೋಂಜ್ ಎಂಬ ಪುಟ್ಟ ಹಳ್ಳಿ. ಇಂದು ಅದು ಫ್ರಾನ್ಸಿನಲ್ಲಿದೆ. ಆಗ ಸವಾಯ್ ಪ್ರಾಂತ್ಯದ ಭಾಗವಾಗಿ ಪಿಯೆಮೊಂತೆಯ ಅರಸರಿಗೆ ಸೇರಿತ್ತು. ಜಿನೀವಾದ ನೋತ್ರ್ ದಾಮ್ ದೇವಾಲಯದ ಗುರುಗಳಾದ ಗಾಸ್ಪಾರ್ ಮೆರ್ಮಿಯೋ ಅವರು ಒಂದು ಗಾಡಿಯಲ್ಲಿ ಈ ಇಬ್ಬರನ್ನು ಕರೆದುಕೊಂಡು ಆ ಹಳ್ಳಿಗೆ ಬಂದರು. ಅಲ್ಲಿನ ಧರ್ಮಕೇಂದ್ರದ ಗುರುಗಳನ್ನು ಸ್ವಲ್ಪ ಅಡ್ಡಾಡಿ ಬನ್ನಿ ಎಂದು ಹೊರಗೆ ಕಳಿಸಿದರಂತೆ. ವೆರ್ಡಿಯೇ ಮುಂದೆ ಪತ್ರವೊಂದರಲ್ಲಿ ಇದನ್ನು ಬರೆದಿದ್ದಾನೆ. ತ್ರೆಂತ್ ಮಹಾಸಭೆಯ 1563ರ ಕಟ್ಟಳೆಯಂತೆ ವಿವಾಹಕ್ಕೆ ಅಧಿಕಾರವುಳ್ಳ ಗುರುಗಳೂ ಕನಿಷ್ಠ ಇಬ್ಬರು ಸಾಕ್ಷಿಗಳೂ ಬೇಕೇ ಬೇಕು. ಗುರುಗಳಾದರೆ ಇದ್ದರು. ಸಾಕ್ಷಿಗಳು? ಹೊರಗೆ ಗಾಡಿ ನಿಲ್ಲಿಸಿಕೊಂಡಿದ್ದ ಗಾಡಿಯವ ಒಬ್ಬ, ದೇವಾಲಯದ ಗಂಟೆ ಹೊಡೆಯುವವ ಇನ್ನೊಬ್ಬ. ಅಷ್ಟೇ. ಹೂವಿಲ್ಲ, ಗಾನವೃಂದವಿಲ್ಲ, ಊಟವಿಲ್ಲ. ಅಷ್ಟು ಹಾಡಿದ್ದವಳ ಮದುವೆಯಲ್ಲಿ ಒಂದು ಹಾಡೂ ಇಲ್ಲ. ಹತ್ತು ದಿನ ಕಳೆದರೆ ಆಕೆಗೆ 44 ತುಂಬುತ್ತಿತ್ತು.

ನಮ್ಮ ವಿವಾಹ ದಾಖಲೆ ಪುಸ್ತಕಗಳಲ್ಲಿ ಸಾಕ್ಷಿಗಳ ಸಹಿಗಾಗಿ ಇರುವ ಜಾಗವನ್ನು ನೀವೂ ನೋಡಿದ್ದೀರಿ. ಅಲ್ಲಿ ಸಹಿ ಹಾಕಲು ಯಾವ ಮಾವ, ಯಾವ ಧರ್ಮಪಿತರು ಎಂದು ಎರಡು ಮನೆಗಳ ನಡುವೆ ಜಗ್ಗಾಟ ನಡೆಯುವುದನ್ನು ನಾವು ಎಷ್ಟೋ ಬಾರಿ ಬಿಡಿಸಿದ್ದೇವೆ. ಕೊಲೋಂಜ್ ಹಳ್ಳಿಯ ಆ ಇಬ್ಬರಿಗೆ ತಾವು ಯಾರ ಮದುವೆಗೆ ನಿಂತಿದ್ದೇವೆಂಬುದು ಗೊತ್ತಿತ್ತೋ ಇಲ್ಲವೋ. ಸಂಸ್ಕಾರಕ್ಕೆ ಅವರು ಸಾಕಾದರು.

ಮೆರ್ಮಿಯೋ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ತಪ್ಪಾದೀತು. ಅವರಿಗೆ ಆಗ 34 ವರ್ಷ. 1864ರಲ್ಲಿ ಧರ್ಮಾಧ್ಯಕ್ಷರಾದರು. 1873ರಲ್ಲಿ ಸ್ವಿಸ್ ಸರ್ಕಾರ ಅವರನ್ನು ಗಡಿಪಾರು ಮಾಡಿತು. ಹಿಂತಿರುಗಿದ ಮೇಲೆ 1884ರಲ್ಲಿ ಫ್ರಿಬೂರ್ಗ್ ನಗರದಲ್ಲಿ ಕಾರ್ಮಿಕರ ಕೂಲಿ ಮತ್ತು ಬದುಕಿನ ಬಗ್ಗೆ ಚಿಂತಿಸುವ ಕಥೋಲಿಕರ ಒಂದು ಕೂಟವನ್ನು ಸೇರಿಸಿದರು. ಹದಿಮೂರನೇ ಲಿಯೋ ಜಗದ್ಗುರುಗಳು 1891ರಲ್ಲಿ ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರಕ್ಕೆ ದಾರಿ ಮಾಡಿದ ಚಿಂತನೆಗಳಲ್ಲಿ ಆ ಕೂಟದ ಪಾಲು ದೊಡ್ಡದು. 1890ರಲ್ಲಿ ಕಾರ್ಡಿನಲ್ ಆದರು. ಗುರುಮಠದಲ್ಲಿ ಆ ವಿಶ್ವಪತ್ರವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು ನಾವು. ಅದರ ಹಿಂದಿದ್ದ ಒಬ್ಬ ಹಿರಿಯರು ಯೌವನದಲ್ಲಿ ಒಂದು ಸೋಮವಾರ, ಗಾಡಿಯೇರಿ ಹೋಗಿ, ಊರೆಲ್ಲ ಹೆಸರಿಟ್ಟಿದ್ದ ಹೆಂಗಸನ್ನು ಬಲಿಪೀಠದ ಮುಂದೆ ನಿಲ್ಲಿಸಿ ಆಶೀರ್ವದಿಸಿದ್ದರೆಂದು ಯಾವ ಪಾಠದಲ್ಲೂ ಇರಲಿಲ್ಲ.

ಆಮೇಲಿನ 38 ವರ್ಷಗಳು ಸುಖದವೇ ಎಂದು ಹೇಳುವಂತಿಲ್ಲ. ವೆರ್ಡಿಗೆ ದೇವರಲ್ಲಿ ನಂಬಿಕೆ ಕಡಿಮೆ. ಇಷ್ಟು ಒಳ್ಳೆಯ ಮನುಷ್ಯ ನಂಬುವುದಿಲ್ಲವಲ್ಲ ಎಂದು ಗೆಳೆಯರಿಗೆ ಬರೆದ ಪತ್ರಗಳಲ್ಲಿ ಆಕೆ ಮರುಗುತ್ತಾಳೆ. 1870ರ ದಶಕದಲ್ಲಿ ತೆರೇಸಾ ಸ್ಟೋಲ್ಜ್ ಎಂಬ ಇನ್ನೊಬ್ಬ ಗಾಯಕಿಯ ಕಡೆಗೆ ಆತನ ಒಲವು ಹರಿದಾಗ ಪತ್ರಿಕೆಗಳೂ ಬಾಯಿ ಹಾಕಿದವು. 1874ರ ಮೇ 22ರಂದು ಮಿಲಾನಿನ ಸಾನ್ ಮಾರ್ಕೊ ದೇವಾಲಯದಲ್ಲಿ ವೆರ್ಡಿಯ 'ರೆಕ್ವಿಯೆಮ್' ಮೊದಲ ಬಾರಿ ಕೇಳಿಬಂದಾಗ ಸೊಪ್ರಾನೊ ಭಾಗ ಹಾಡಿದವಳು ಅದೇ ಸ್ಟೋಲ್ಜ್. ಜುಸೆಪ್ಪಿನಾ ನೊಂದಳು, ಗಂಡನಿಗೆ ನೇರವಾಗಿ ಬರೆದು ಕೇಳಿದಳು, ಮನೆ ಒಡೆಯಲಿಲ್ಲ. ಕೊನೆಕೊನೆಗೆ ಆ ಸ್ಟೋಲ್ಜಳೇ ಆಕೆಯ ಗೆಳತಿಯಾಗಿ ಸಾಂತ್ ಆಗಾತಾಕ್ಕೆ ಬಂದು ಹೋಗುತ್ತಿದ್ದಳು. ಬರೆಜ್ಜಿಯ ಮುನಿಸೂ ಕರಗಿತ್ತು. ಮಗಳ ಜಾಗಕ್ಕೆ ಬಂದವಳನ್ನು ಮಗಳೆಂದೇ ಒಪ್ಪಿಕೊಂಡ. 1867ರ ಜುಲೈಯಲ್ಲಿ ಆ ಮುದುಕ ಸಾಯುವಾಗ ಹಾಸಿಗೆಯ ಬಳಿ ವೆರ್ಡಿಯೊಂದಿಗೆ ಆಕೆಯೂ ಇದ್ದಳು. ಅದೇ ವರ್ಷ ವೆರ್ಡಿಯ ಬಂಧುಗಳ ಮನೆಯ ಏಳು ವರ್ಷದ ಫಿಲೊಮೆನಾ ಎಂಬ ಹುಡುಗಿಯನ್ನು ಇಬ್ಬರೂ ಮನೆಗೆ ತಂದು ಸಾಕಿದರು. ಆ ಮಗುವಿಗೆ ಅಕ್ಷರ ಕಲಿಸಿ, ಓದಿಸಿ, 1878ರಲ್ಲಿ ಮದುವೆ ಮಾಡಿಕೊಟ್ಟರು. ಫ್ಲಾರೆನ್ಸಿನ ಕಿಂಡಿಯಲ್ಲಿ ಬಿಟ್ಟುಬಂದ ಮಗಳು ಆಕೆಗೆ ಆಗ ನೆನಪಾಗಿರದೆ ಇರುತ್ತಾಳೆಯೇ?

ಇಳಿವಯಸ್ಸಿನಲ್ಲಿ ವೆರ್ಡಿ ಹಳ್ಳಿಯ ಜನಕ್ಕಾಗಿ ವಿಲ್ಲನೋವಾದಲ್ಲಿ ಒಂದು ಆಸ್ಪತ್ರೆ ಕಟ್ಟಿಸಿದ. 1888ರಲ್ಲಿ ಅದು ಬಾಗಿಲು ತೆರೆಯಿತು. ಆಮೇಲೆ ಮಿಲಾನಿನಲ್ಲಿ, ಮುಪ್ಪಿನಲ್ಲಿ ಕೈ ಬರಿದಾದ ನೂರು ಮಂದಿ ಸಂಗೀತಗಾರರಿಗಾಗಿ ಒಂದು ವಿಶ್ರಾಂತಿ ಗೃಹ. ಕಂಠ ಒಡೆದ ಮೇಲೆ ಗಾಯಕಿಯ ಗತಿಯೇನೆಂದು ಆತ ಮನೆಯಲ್ಲೇ ಕಂಡಿದ್ದ. ಆ ಕಟ್ಟಡ ಪೂರ್ಣವಾಗುವ ಮೊದಲೇ, 1897ರ ನವೆಂಬರ್ 14ರಂದು, ನ್ಯುಮೋನಿಯಾದಿಂದ ಜುಸೆಪ್ಪಿನಾ ಸಾಂತ್ ಆಗಾತಾದಲ್ಲಿ ತೀರಿಕೊಂಡಳು. ವಯಸ್ಸು 82. ಬದುಕಿನಲ್ಲಿ ಒಂದಾಗಿದ್ದಂತೆ ಪರಲೋಕದಲ್ಲೂ ದೇವರು ನಮ್ಮನ್ನು ಒಂದುಗೂಡಿಸಲಿ ಎಂಬ ಪ್ರಾರ್ಥನೆಯೊಂದಿಗೆ ಆಕೆಯ ಮರಣಪತ್ರ ಮುಗಿಯುತ್ತದೆ. 1901ರ ಜನವರಿ 27ರಂದು ಮಿಲಾನಿನಲ್ಲಿ ವೆರ್ಡಿಯೂ ಹೋದ.

ಆಕೆಯ ದನಿ ಹೇಗಿತ್ತೆಂದು ಕೇಳಲು ನಮಗೆ ಒಂದು ಮುದ್ರಿಕೆಯೂ ಇಲ್ಲ. ಧ್ವನಿ ಹಿಡಿದಿಡುವ ಯಂತ್ರ ಹುಟ್ಟುವ ಮೂವತ್ತು ವರ್ಷ ಮೊದಲೇ ಆಕೆ ಹಾಡು ನಿಲ್ಲಿಸಿದ್ದಳು.

1901ರ ಫೆಬ್ರವರಿ ಕೊನೆಯಲ್ಲಿ ಇಬ್ಬರ ಶವಪೆಟ್ಟಿಗೆಗಳನ್ನೂ ಮಿಲಾನಿನ ದೊಡ್ಡ ಸ್ಮಶಾನದಿಂದ ಆ ವಿಶ್ರಾಂತಿ ಗೃಹದ ನೆಲಮಾಳಿಗೆಗೆ ಮೆರವಣಿಗೆಯಲ್ಲಿ ಒಯ್ದರು. ಬೀದಿಯ ಎರಡೂ ಬದಿ ಲಕ್ಷಾಂತರ ಜನ. ಹೊರಡುವ ಮೊದಲು ಆರ್ತುರೊ ತೊಸ್ಕನೀನಿಯ ನಿರ್ದೇಶನದಲ್ಲಿ ಸುಮಾರು 800 ಮಂದಿ ಒಟ್ಟಾಗಿ ಹಾಡಿದರು. ಹಾಡಿದ್ದು 'ನಬುಕ್ಕೊ'ದ ಅದೇ ವೃಂದಗಾನ, ನಾವು ಗುರುಮಠದಲ್ಲಿ ಕೇಳುತ್ತಿದ್ದ ಬಾಬಿಲೋನಿನ ಸೆರೆಯವರ ಹಾಡು. ಒಪೆರಾದಲ್ಲಿ ಆ ಹಾಡು ಬರುವಾಗ ಅಬಿಗೈಲೆ ರಂಗದ ಮೇಲೆ ಇರುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಕಠಿಣವಾದ ಒಂದು ಯುಗಳಗೀತೆಯನ್ನು ಮುಗಿಸಿ ಒಳಗೆ ಹೋಗಿರುತ್ತಾಳೆ. 1842ರ ಆ ಎಂಟು ರಾತ್ರಿಗಳಲ್ಲಿ ಜುಸೆಪ್ಪಿನಾ ಅದನ್ನು ಕೇಳಿದ್ದು ಪರದೆಯ ಹಿಂದೆ ನಿಂತು, ಕೊನೆಯ ಅಂಕಕ್ಕಾಗಿ ಉಸಿರು ಸರಿಮಾಡಿಕೊಳ್ಳುತ್ತಾ.